ಸುಣ್ಣದಡಿಯ ಮೂರು ಏಡಿ

ದೆವ್ವ ಕಂಡೆ, ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಆಲ್ದೂರಿನ ಹೋಟೆಲಿನಲ್ಲಿ ಯಾರಾದರೂ ಇಂಥ ಕಥೆ ಶುರು ಮಾಡಿದರೆ ಅರ್ಧ ಕಾಫಿ ಬಿಟ್ಟು ಎದ್ದು ಬಂದವನು ನಾನು. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ ಎಂದರೆ ನನಗೇ ನಾಚಿಕೆ. ನೀವು ನಂಬಲೇಬೇಕೆಂದೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಮ್ಮೂರು ಆಲ್ದೂರಿನಿಂದ ಒಳಗೆ, ಕಾಫಿ ತೋಟಗಳ ನಡುವೆ ಇದೆ. ಊರಿನ ಈಶ್ವರ ದೇವಸ್ಥಾನ ಬಹಳ ಹಳೆಯದು. ಬೇಲೂರಿನ ಹಾಗೆ ನೋಡಲು ಯಾರೂ ಬರುವುದಿಲ್ಲ. ನೋಡಲು ಅಲ್ಲಿ ಏನೂ ಇರಲಿಲ್ಲ. ಗಿಡ್ಡ ಕಲ್ಲುಕಟ್ಟಡ, ಒಳಗೆ ನಾಲ್ಕು ಕಂಬ, ಮಳೆನೀರು ಜಾರಲೆಂದು ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳು. ಬಾಗಿಲ ಪಕ್ಕ ಒಂದು ಶಾಸನದ ಕಲ್ಲು. ಹೆಂಗಸರು ಅದಕ್ಕೂ ಕುಂಕುಮ ಹಚ್ಚಿ ಹಚ್ಚಿ ಅಕ್ಷರ ಯಾವುದು, ಕುಂಕುಮ ಯಾವುದು ತಿಳಿಯದ ಹಾಗಾಗಿದೆ.

ಒಳಗೋಡೆಗೆ ಪ್ರತಿವರ್ಷ ಶಿವರಾತ್ರಿಗೆ ಮುಂಚೆ ಸುಣ್ಣ ಬಳಿಯುತ್ತೇವೆ. ಅದಕ್ಕೆ ಮನೆಮನೆಗೆ ಸರದಿಯುಂಟು. ಸರದಿ ಬಂದ ಮನೆಯವರು ಸ್ವಂತ ಕೈಯಿಂದಲೇ ಬಳಿಯಬೇಕು, ಆಳಿನಿಂದ ಮಾಡಿಸುವ ಹಾಗಿಲ್ಲ. ಇನ್ನೊಂದು ನಿಯಮ, ಹಳೆಯ ಸುಣ್ಣವನ್ನು ಕೆರೆಯಕೂಡದು. ಹಿರಿಯರು ಬಳಿದದ್ದರ ಮೇಲೇ ಬಳಿಯಬೇಕು. ಹಿಂದೆ ಯಾವುದೋ ದೊಡ್ಡ ಕಾಯಿಲೆಯ ಕಾಲದಲ್ಲಿ ಶುರುವಾದ ಪದ್ಧತಿಯಂತೆ. ಹೀಗೆ ಬಳಿದೂ ಬಳಿದೂ ಗೋಡೆಯ ಮೇಲೆ ಸುಣ್ಣ ಹೆಬ್ಬೆರಳಿನಷ್ಟು ದಪ್ಪವಾಗಿತ್ತು.

ಕೆಲವು ವರ್ಷಗಳ ಹಿಂದೆ ಈ ಕಟ್ಟಡವನ್ನು ಬಿಚ್ಚಿಹಾಕಿ ಕಾಂಕ್ರೀಟಿನ ದೊಡ್ಡ ದೇವಸ್ಥಾನ ಕಟ್ಟುವುದೆಂದು ಊರಿನ ಸಮಿತಿ ತೀರ್ಮಾನಿಸಿತು. ಸೋರುತ್ತದೆ, ಇಕ್ಕಟ್ಟು, ಕತ್ತಲೆ ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದವನು ನಾನೇ. ಶಿವರಾತ್ರಿ ಮುಗಿದ ಸೋಮವಾರ ಜೆಸಿಬಿ ಬರುವುದೆಂದು ನಿಗದಿಯಾಯಿತು. ಕೊನೆಯ ಸುಣ್ಣದ ಸರದಿ ನಮ್ಮ ಮನೆಗೆ ಬಿತ್ತು.

ಹೇಗಿದ್ದರೂ ಒಡೆಯುವ ಗೋಡೆ ಎಂಬ ಉಡಾಫೆ ನನಗೆ. ತೋಟಕ್ಕೆ ಕೊಳೆರೋಗದ ಬೋರ್ಡೋ ಔಷಧಿ ಕಲಸುವ ಡ್ರಮ್ಮಿನಲ್ಲೇ ಸುಣ್ಣ ಕಲಸಿದೆ. ತಳದಲ್ಲಿ ನೀಲಿ ಮೈಲುತುತ್ತ ಉಳಿದಿದ್ದನ್ನು ನೋಡಲಿಲ್ಲ. ಕತ್ತಲೆಯ ಮಂಟಪದಲ್ಲಿ ಬಳಿಯುವಾಗಲೂ ಗೊತ್ತಾಗಲಿಲ್ಲ. ಮರುದಿನ ಬಾಗಿಲು ತೆಗೆದರೆ ಬಲಗೋಡೆ ಪೂರ್ತಿ, ಔಷಧಿ ಹೊಡೆದ ಕಾಫಿ ಎಲೆಯ ಹಾಗೆ, ತಿಳಿನೀಲಿ! ಊರೆಲ್ಲ ನಕ್ಕಿತು. ಸಮಿತಿಯ ಅಧ್ಯಕ್ಷರು ತಿಮ್ಮೇಗೌಡರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಮಾತು ಖಾರ. ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡಿದರು.

“ಎಂತ ಮಾರಾಯ ಇದು! ಶಿವನಿಗೆ ಕೊಳೆರೋಗ ಬರ್ತದೆ ಅಂತ ಔಷಧಿ ಹೊಡೆದೆಯಾ? ನೀನು ಮಾಡಿದ್ದು, ನೀನೇ ಕೆರಿ. ಹಬ್ಬದ ದಿನ ಈ ಬಣ್ಣ ನನ್ನ ಕಣ್ಣಿಗೆ ಬೀಳಬಾರದು.”

ಹೀಗೆ, ಎಂದೂ ಕೆರೆಯದ ಗೋಡೆಯನ್ನು ನಾನು ಕೆರೆಯುವ ಹಾಗಾಯಿತು. ಒದ್ದೆ ಗೋಣಿಚೀಲ ಒತ್ತಿ, ಕರಣೆಯಿಂದ ಮೆಲ್ಲಗೆ ಎಬ್ಬಿಸಿದೆ. ನೀಲಿ ಮಾತ್ರ ಬರಲಿ ಎಂದರೆ ಅದರ ಜೊತೆಗೆ ಅಂಗೈ ಅಗಲದ ಸುಣ್ಣದ ಚಕ್ಕೆಯೇ ಕಳಚಿ ಬಿತ್ತು. ಒಳಗೆ ಕೆಮ್ಮಣ್ಣಿನ ಬಣ್ಣದ ಒಂದು ಗೆರೆ. ಇನ್ನೊಂದು ಚಕ್ಕೆ ತೆಗೆದೆ, ಒಂದು ಕಾಲು, ಕಾಲಿಗೆ ಕಡಗ. ಕರಣೆ ಕೆಳಗಿಟ್ಟು ಬಿದಿರಿನ ಸೀಳು ಮಾಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಒಂದು ಮೊಳ ಎತ್ತರದ ಹೆಂಗಸು ಪೂರ್ತಿ ಹೊರಗೆ ಬಂದಿದ್ದಳು. ಕೈಯಲ್ಲಿ ತೆಂಗಿನ ಗೆರಟೆ. ಅವಳ ಹಿಂದೆ ಬೆಂಕಿಯಿಲ್ಲದ ಒಲೆ. ಹೊಸ್ತಿಲ ಮೇಲೆ ಒಂದು ಮಗು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಹೆಂಗಸು ನನಗೆ ಗೊತ್ತಿತ್ತು.

ನನ್ನ ಅಮ್ಮ ಕಡೂರಿನ ಕಡೆಯವಳು. ಬಯಲುಸೀಮೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ನನಗೆ ಊಟ ಮಾಡಿಸುವಾಗ ಒಂದೇ ಒಂದು ಕಥೆ ಹೇಳುತ್ತಿದ್ದಳು. ಒಬ್ಬಳ ಒಲೆ ಆರಿಹೋಯಿತಂತೆ. ಮಗುವನ್ನು ಹೊಸ್ತಿಲಲ್ಲಿ ಕೂರಿಸಿ, ಗೆರಟೆ ಹಿಡಿದು ಹೊಳೆಯಾಚೆಯ ಮನೆಗೆ ಕೆಂಡ ತರಲು ಹೋದಳಂತೆ. ಹೊಳೆಯಲ್ಲಿ ಮೂರು ಏಡಿ, ಅದರಲ್ಲಿ ಒಂದಕ್ಕೆ ಒಂದೇ ಇಕ್ಕಳ. ಆಚೆಮನೆಯವಳು ಕೆಂಡ ಕೊಟ್ಟಳು. ವಾಪಸು ಬರುವಾಗ ದಾರಿಗೆ ಅಡ್ಡ ಹುಲಿ ಕೂತಿತ್ತು. ಅಲ್ಲಿಗೆ ನನ್ನ ಊಟ ಮುಗಿಯುತ್ತಿತ್ತು, ಕಥೆ ಮುಗಿಯುತ್ತಿರಲಿಲ್ಲ. “ಅವಳು ಮನೆಗೆ ಬಂದ್ಲಾ ಅಮ್ಮ?” ಎಂದರೆ, “ನಾಳೆ ಹೇಳ್ತೀನಿ” ಎನ್ನುತ್ತಿದ್ದಳು. ನಾಳೆಯೂ ಹುಲಿಯವರೆಗೇ. ನನಗೆ ಏಳು ವರ್ಷವಾದಾಗ ಅವಳನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೀಪು ಹತ್ತುವಾಗಲೂ ನಾನು ಅದನ್ನೇ ಕೇಳಿದೆ. ತಲೆ ಸವರಿ, “ಬಂದು ಹೇಳ್ತೀನಿ ಮಗ” ಎಂದಳು. ಬರಲಿಲ್ಲ.

ಸಂಜೆಗೆ ಗೌಡರು ಕೆಲಸ ನೋಡಲು ಬಂದರು. ನಾನು ಎಲ್ಲ ಹೇಳಿಬಿಟ್ಟೆ. ಅವರು ಗೋಡೆ ನೋಡಿದರು, ನನ್ನ ಮುಖ ನೋಡಿ ನಕ್ಕರು.

“ಬಿಸಿಲು ತಲೆಗೆ ಹತ್ತಿದೆ ನಿನಗೆ. ಸರಿ, ಇದರ ಪಕ್ಕ ಎಂತ ಉಂಟು ಹೇಳು ನೋಡುವ.”

“ಹೊಳೆ, ಗೌಡ್ರೇ. ಮೂರು ಏಡಿ. ಒಂದಕ್ಕೆ ಒಂದೇ ಇಕ್ಕಳ.”

ನಾನು ಕೈಚಳಕ ಮಾಡಬಾರದೆಂದು ಅವರೇ ಪಂಚೆ ಎತ್ತಿ ಕಟ್ಟಿ ಬಿದಿರಿನ ಸೀಳು ಹಿಡಿದರು. ಮೊದಲು ಅಲೆಅಲೆಯಾದ ಕಪ್ಪು ಗೆರೆಗಳು ಬಂದವು. ನೀರು. ಗೌಡರ ನಗು ನಿಂತಿತು. ಆಮೇಲೆ ಒಂದು ಏಡಿ, ಅದರ ಪಕ್ಕ ಇನ್ನೊಂದು. ಎರಡಕ್ಕೂ ಎರಡೆರಡು ಇಕ್ಕಳ. ಸುತ್ತ ಕೆರೆದರೂ ಬೇರೆ ಕಾಣಲಿಲ್ಲ.

“ಎರಡೇ ಕಣೋ,” ಎಂದು ಅವರು ಉಸಿರುಬಿಟ್ಟರು. ಬೆಳಕೂ ಹೋಗಿತ್ತು. ಬಾಗಿಲು ಹಾಕಿ ಬಂದೆವು. ಮೂರನೆಯದು ಇಲ್ಲದಿದ್ದರೆ ಇದೆಲ್ಲ ಕಾಕತಾಳೀಯ, ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸೋಮವಾರ ಜೆಸಿಬಿ ಬಂದರೆ ಹುಲಿಯ ಆಚೆ ಏನಿದೆ ಎಂಬುದು ಮಣ್ಣಾಗುತ್ತದೆ, ಅದಕ್ಕೆ ಕೈಯೆತ್ತಿದವನು ನಾನೇ.

ಬೆಳಿಗ್ಗೆ ಆರಕ್ಕೆ ಫೋನು. ಗೌಡರು ನನಗಿಂತ ಮೊದಲೇ ಎದ್ದು, ಒಬ್ಬರೇ ಟಾರ್ಚು ಹಿಡಿದು ದೇವಸ್ಥಾನಕ್ಕೆ ಹೋಗಿದ್ದರು. “ಬೇಗ ಬಾ ಮಾರಾಯ. ಮೂರನೇದು ಹೊಳೆಕಲ್ಲಿನ ಹಿಂದೆ ಕೂತಿದೆ. ಒಂದೇ ಇಕ್ಕಳ.”

ಅಲ್ಲಿಂದ ಎರಡು ದಿನ ನಾವಿಬ್ಬರೂ ತೋಟದ ಕಡೆ ತಲೆ ಹಾಕಲಿಲ್ಲ. ಮೆಣಸು ಕೊಯ್ಯುವವರು ಕರೆದು ಕರೆದು ಸುಮ್ಮನಾದರು. ಆಚೆಮನೆಯವಳು ಬಂದಳು, ಅವಳ ಒಲೆಯ ಬೆಂಕಿ ಈಗಲೂ ಅರಿಶಿನದಂತೆ ಹಳದಿ. ಹುಲಿ ಬಂತು. ಬರೆದವನು ಹುಲಿಯನ್ನು ಹತ್ತಿರದಿಂದ ನೋಡಿದವನಲ್ಲ; ಮುಖ ಮನುಷ್ಯರದ್ದು, ಮೀಸೆ ನಮ್ಮ ಗೌಡರದ್ದು. ಅದನ್ನು ಹೇಳಿದ್ದಕ್ಕೆ ಬೈಸಿಕೊಂಡೆ.

ಹುಲಿಯ ಪಕ್ಕದಲ್ಲಿ ಸ್ವಿಚ್ ಬೋರ್ಡ್. ಎಂದೋ ಕೆಟ್ಟುಹೋದ ಟ್ಯೂಬ್‌ಲೈಟಿಗೆಂದು ಗೋಡೆ ಒಡೆದು ಕೂರಿಸಿದ್ದು. ಒಡೆಸಿದವನು ಯಾರು ಬಲ್ಲಿರಾ? ನಾನೇ, ಇಪ್ಪತ್ತು ವರ್ಷದ ಹಿಂದೆ. ಬೋರ್ಡು ಬಿಚ್ಚಿದರೆ ಒಳಗೆ ಬರೀ ಕಲ್ಲು, ಸಿಮೆಂಟು. ಹುಲಿಗೂ ಅವಳಿಗೂ ನಡುವೆ ಏನು ನಡೆಯಿತೋ ಅದನ್ನು ನನ್ನ ಉಳಿಯೇ ತಿಂದುಹಾಕಿತ್ತು. ಗೌಡರ ಎದುರಿಗೇ ಅತ್ತುಬಿಟ್ಟೆ. ಅರವತ್ತರ ಹತ್ತಿರದ ಗಂಡಸು, ಮೂಗು ಒರೆಸಿಕೊಳ್ಳುತ್ತಾ.

ಗೌಡರು ಬೈಯಲಿಲ್ಲ. “ಆಚೆಗೆ ಇನ್ನೂ ಒಂದು ಮೊಳ ಗೋಡೆ ಉಂಟಲ್ಲ,” ಎಂದು ಸೀಳನ್ನು ನನ್ನ ಕೈಗೆ ಕೊಟ್ಟರು. “ಇದನ್ನು ನೀನೇ ತೆಗಿ.”

ತೆಗೆದೆ. ಮೊದಲು ಹೊಸ್ತಿಲು. ಹೊಸ್ತಿಲ ಮೇಲೆ ಎದ್ದುನಿಂತ ಮಗು, ಎರಡೂ ಕೈ ಮುಂದಕ್ಕೆ. ಮತ್ತೆ ಕಡಗದ ಕಾಲು, ಸೀರೆಯ ಅಂಚು, ಗೆರಟೆ. ಗೆರಟೆಯ ತುಂಬ ಕೆಂಪು ಕೆಂಡ.

“ಬಂದ್ಲು ನೋಡು,” ಎಂದರು ಗೌಡರು.

ಶಿವರಾತ್ರಿಯ ದಿನ ಊರೆಲ್ಲ ಬಂದು ಗೋಡೆ ನೋಡಿತು. ಜೆಸಿಬಿಯವನಿಗೆ ಬೇಡವೆಂದು ಗೌಡರೇ ಫೋನು ಮಾಡಿದರು. ಚಪ್ಪಡಿಗಳ ಸಂದಿಗೆ ಗಾರೆ ತುಂಬಿಸಿ ಸೋರುವುದನ್ನು ನಿಲ್ಲಿಸಿದೆವು. ಆಮೇಲೆ ಮೈಸೂರಿನಿಂದ ಇಂಥ ಚಿತ್ರಗಳನ್ನು ಬಲ್ಲ ಒಬ್ಬ ಹೆಂಗಸು ಬಂದು ನಾಲ್ಕು ದಿನ ಇದ್ದರು. ನಾನು ಕೆರೆದ ರೀತಿಗೆ ಚೆನ್ನಾಗಿ ಬೈದು, ಉಳಿದ ಸುಣ್ಣವನ್ನು ಸಣ್ಣ ಕುಂಚದಲ್ಲಿ ತಾವೇ ಉದುರಿಸಿ ತೆಗೆದರು. ಡೆನ್ಮಾರ್ಕ್ ದೇಶದ ಹಳ್ಳಿ ಚರ್ಚುಗಳಲ್ಲೂ ಹೀಗೇ ಹಳೆಯ ಚಿತ್ರಗಳ ಮೇಲೆ ಸುಣ್ಣ ಬಳಿದಿದ್ದರಂತೆ, ಎಷ್ಟೋ ತಲೆಮಾರಿನ ನಂತರ ಕೆರೆದು ನೋಡಿದರೆ ಹಾಗೇ ಇದ್ದವಂತೆ. ಮುಚ್ಚಿದ ಸುಣ್ಣವೇ ಕಾಪಾಡಿದೆ ಎಂದರು. ಕಾಲ ಇಂತಿಷ್ಟೇ ಎಂದು ಹೇಳಲಿಲ್ಲ. ಒಂದು ಮಾತು ಮಾತ್ರ ಖಚಿತವಾಗಿ ಹೇಳಿದರು: ಸುಣ್ಣದ ಪದರಗಳು ನಡುವೆ ಎಲ್ಲೂ ಕಡಿದಿಲ್ಲ, ನಿಮ್ಮ ಅಜ್ಜಂದಿರ ಕಾಲದಲ್ಲೂ ಈ ಚಿತ್ರ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ.

ಹಾಗಾದರೆ ಅಮ್ಮನಿಗೆ ಹೇಗೆ ಗೊತ್ತು? ಕಡೂರಿಗೆ ಹೋಗಿ ಸೋದರಮಾವನನ್ನು ಕೇಳಿದೆ. ಅಂಥ ಕಥೆ ಅವರ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ನಮ್ಮೂರಿನ ವಯಸ್ಸಾದವರನ್ನೆಲ್ಲ ಕೇಳಿದೆ, ಯಾರಿಗೂ ತಿಳಿಯದು. ಯಾರೋ ಅಜ್ಜಿ ಬಾಯಿಂದ ಬಾಯಿಗೆ ದಾಟಿಸಿ ಅಮ್ಮನಿಗೆ ತಲುಪಿಸಿರಬೇಕು ಎಂದುಕೊಳ್ಳಬಹುದು. ಎಷ್ಟೋ ಸಲ ಹಾಗೆ ಅಂದುಕೊಂಡಿದ್ದೇನೆ. ಆದರೆ ಕಲ್ಲಿನ ಹಿಂದೆ ಕೂತ ಆ ಒಂಟಿ ಇಕ್ಕಳದ ಏಡಿ ನೆನಪಾದ ಕೂಡಲೇ ನನ್ನ ಬುದ್ಧಿವಂತಿಕೆ ಅಲ್ಲಿಗೇ ನಿಲ್ಲುತ್ತದೆ. ಗೌಡರಂತೂ ಈ ವಿಷಯ ಎತ್ತಿದರೆ “ಸುಮ್ಮನಿರು ಮಾರಾಯ” ಎಂದು ಬೇರೆ ಕಡೆ ನೋಡುತ್ತಾರೆ.

ಈಗ ಮೊಮ್ಮಗಳಿಗೆ ಊಟ ಮಾಡಿಸುವಾಗ ನಾನು ಅದೇ ಕಥೆ ಹೇಳುತ್ತೇನೆ. ಒಲೆ, ಹೊಳೆ, ಮೂರು ಏಡಿ, ಕೆಂಡ, ಹುಲಿ. ಮೊನ್ನೆ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದಳು:

“ಅಜ್ಜ, ಹುಲಿ ಅವಳನ್ನ ಹೆಂಗೆ ಬಿಡ್ತು?”

“ಗೊತ್ತಿಲ್ಲ ಪುಟ್ಟಿ. ಅಲ್ಲಿ ಗೋಡೆ ಒಡೆದುಹೋಗಿದೆ.”

“ಮತ್ತೆ, ಮನೆಗೆ ಬಂದ್ಲಾ?”

ನನ್ನ ಅಮ್ಮ ಒಂದು ಸಲವೂ ಉತ್ತರ ಹೇಳದ ಪ್ರಶ್ನೆ. ನಾನು ನಾಳೆ ಹೇಳುತ್ತೇನೆ ಎನ್ನಲಿಲ್ಲ.

“ಬಂದ್ಲು,” ಎಂದೆ.