ನೆಲಮಾಳಿಗೆಯ ನಡುಗಂಬ

೧೯೫೮ರಲ್ಲಿ ನಾನು ಶಿಕಾರಿಪುರದಲ್ಲಿ ಓವರ್ಸಿಯರ್ ಆಗಿದ್ದೆ. ಓವರ್ಸಿಯರ್ ಎಂದರೆ ಕೆಲಸದ ಜಾಗದಲ್ಲಿ ನಿಂತು, ಮೇಲಿನವರು ಬರೆದ ನಕ್ಷೆಯಂತೆ ಕಟ್ಟಡ ಏಳುತ್ತಿದೆಯೇ ಎಂದು ನೋಡುವವನು. ಬಿಸಿಲು ಅವನ ಪಾಲಿಗೆ, ಹೆಸರು ಮೇಲಿನವರ ಪಾಲಿಗೆ. ನನ್ನ ಮೇಲಿನವರು ಒಬ್ಬ ಅಸಿಸ್ಟೆಂಟ್ ಎಂಜಿನಿಯರು. ಇಲ್ಲಿ ಅವರನ್ನು ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಹೆಸರು ಹೇಳಿ ಅವರ ಕೀರ್ತಿ ಬೆಳೆಸುವ ಆಸೆ ನನಗಿಲ್ಲ.

ಆ ವರ್ಷ ಪೇಟೆಯ ಸಾಲುಮನೆಯೊಂದನ್ನು ಕೊಂಡು ಕಚೇರಿ ಮಾಡುವುದೆಂದು ತೀರ್ಮಾನವಾಯಿತು. ಸಾಲುಮನೆ ಎಂದರೆ ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿರುವ ಮನೆ. ಕೆಳಗೆ ಹಿಂದೆ ಕಾಳು ತುಂಬುತ್ತಿದ್ದ ನೆಲಮಾಳಿಗೆ, ನಡುವೆ ವಾಸದ ಮನೆ, ಮೇಲೆ ಹಲಗೆ ಹಾಸಿ ಮಣ್ಣು ಮೆತ್ತಿದ ಅಟ್ಟ. ಸಾಹೇಬರ ಯೋಜನೆಯ ಪ್ರಕಾರ ಅಟ್ಟ ಮೀಟಿಂಗ್ ಹಾಲ್ ಆಗಬೇಕು, ನೆಲಮಾಳಿಗೆ ರೆಕಾರ್ಡ್ ರೂಮ್ ಆಗಬೇಕು. ಅಂದರೆ ಅಧಿಕಾರಿಗಳನ್ನು ಹೆಂಚಿನ ಅಡಿ ಬೇಯಿಸುವುದು, ಕಾಗದಗಳನ್ನು ನೆಲದ ಅಡಿ ಕೊಳೆಸುವುದು. ಇಂಥ ಬುದ್ಧಿ ಒಬ್ಬರ ತಲೆಗೇ ಹೊಳೆಯಬೇಕೆಂದರೆ ಬಹಳ ಓದಿರಬೇಕು.

ನಕ್ಷೆ ಬರೆಯುವ ಮುನ್ನ ಸಾಹೇಬರು ಆ ಮನೆಗೆ ಕಾಲಿಡಲಿಲ್ಲ. ಕ್ರಯಪತ್ರವನ್ನು ಟೇಬಲ್ ಮೇಲೆ ಹರಡಿ, ಅದರ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು ನೋಡಿದರು. 'ಪೂರ್ವಕ್ಕೆ ಪಾಲಿನ ಗೋಡೆ' ಎಂದಿತ್ತು. ಗೋಡೆ ಎಂದ ಮೇಲೆ ತಳಪಾಯ ಇರಲೇಬೇಕಲ್ಲ! ನಕ್ಷೆಯಲ್ಲಿ ಆ ಗೋಡೆಗೆ ಒಂದೂವರೆ ಅಡಿ ಅಗಲದ ಕಲ್ಲಿನ ತಳಪಾಯ ತಾನಾಗಿ ಹುಟ್ಟಿಕೊಂಡಿತು. ನೆಲಮಾಳಿಗೆಯಲ್ಲಿ ಒಂದು ಮರದ ಕಂಬ ಇದೆಯೆಂದು ನಾನು ತಿಳಿಸಿದಾಗ, ಬೀರುಗಳನ್ನು ಸಾಲಾಗಿ ಇಡಲು ಅಡ್ಡವಾಗುತ್ತದೆ, ಕತ್ತರಿಸಿ ತೆಗೆಸಿ ಎಂದು ಅಪ್ಪಣೆಯಾಯಿತು. ಅಟ್ಟದ ಮಣ್ಣು ಅಧಿಕಾರಿಗಳ ಬೂಟಿಗೆ ಶೋಭೆಯಲ್ಲ, ಅದರ ಮೇಲೆ ಕಲ್ಲುಚಪ್ಪಡಿ ಹಾಸಿ ಎಂದೂ ಆಯಿತು.

ಮರದ ಕೆಲಸಕ್ಕೆ ಸೊರಬದಿಂದ ತಿಮ್ಮಪ್ಪ ಎಂಬ ಬಡಗಿಯನ್ನು ಕರೆಸಿದ್ದೆ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಗರಗಸ ಹಿಡಿದು ನೆಲಮಾಳಿಗೆಗೆ ಇಳಿದವನು ಕಂಬ ಮುಟ್ಟಿ ನೋಡಿ, ಗರಗಸ ಹಾಕದೆಯೇ ಮೇಲೆ ಬಂದ. ಪೂರ್ವದ ಗೋಡೆಯನ್ನು ಉಳಿಯ ಹಿಡಿಯಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ ಒಂದು ಕಡೆ ನಿಂತ. ಅಲ್ಲಿ ಸ್ವಲ್ಪ ಗಾರೆ ಕೆತ್ತಿದ. ಒಳಗೆ ಕಪ್ಪಗಿನ ಮರ ಕಾಣಿಸಿತು.

"ಕೆಳಗಿನ ಕಂಬ ಕುಯ್ಯಕ್ಕೆ ಬರಲ್ಲ ಸ್ವಾಮಿ. ಇದು ಗೋಡೆನೇ ಅಲ್ಲ, ಬರೀ ತಡಿಕೆ. ಒಳಗೆ ಕಂಬ ಐತೆ. ಅದರ ಕಾಲಡಿಗೆ ಕೆಳಗಿನ ಕಂಬ."

ವಿಷಯ ಇಷ್ಟೇ. ಹಿಂದೆ ಅದು ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಹಸಿ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಆದರೆ ಆ ಕಡೆಯ ಪಾಲುಗಳಲ್ಲಿ ನಡುಗಂಬಕ್ಕೆ ಕೊಡಲಿ ಹಾಕುವ ಪದ್ಧತಿ ಇರಲಿಲ್ಲ. ಹೆತ್ತವರು ಪೂಜೆ ಮಾಡಿ ನಿಲ್ಲಿಸಿದ ಕಂಬ, ಅದು ಇಬ್ಬರದ್ದೂ. ಹಾಗಾಗಿ ಕಂಬವನ್ನು ಗೋಡೆಯೊಳಗೇ ಸೇರಿಸಿ ಗಾರೆ ಮೆತ್ತಿದ್ದರು. ಎರಡೂ ಮನೆಯ ಅಟ್ಟವನ್ನು ಹೊತ್ತ ತೊಲೆ ಆ ಕಂಬದ ಮೇಲೆ ಕೂತಿತ್ತು. ನೆಲಮಾಳಿಗೆ ಆ ಗೋಡೆಯ ಅಡಿಗೂ ಚಾಚಿತ್ತು, ಗೋಡೆಯ ಭಾರವೂ ಕೆಳಗಿನ ಕಂಬದ ಮೇಲೆಯೇ. ಬಡಗಿಗೆ ಇದು ಕಾಲು ಗಂಟೆಯಲ್ಲಿ ತಿಳಿಯಿತು.

ನಾನು ಹೋಗಿ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಡಿಸೈನ್ ಬಡಗಿ ಮಾಡೋದಾದ್ರೆ ನಾವ್ಯಾಕ್ರೀ ಇರೋದು? ಅವನನ್ನ ಕಳಿಸಿ, ಬೇರೆಯವರನ್ನ ಕರೀರಿ" ಎಂದರು. ನಾನು ತಲೆಯಾಡಿಸಿ ಬಂದೆ. ಬಡಗಿಯ ಮಾತು ನಿಜವೆಂದು ನನಗೆ ಗೊತ್ತಿತ್ತು. ಗಾರೆಯೊಳಗಿನ ಮರವನ್ನು ನನ್ನ ಕಣ್ಣಾರೆ ನೋಡಿದ್ದೆ. ಆದರೂ ತಲೆಯಾಡಿಸಿದೆ.

ತಿಮ್ಮಪ್ಪ ಸಲಕರಣೆ ಕಟ್ಟಿಕೊಂಡು ಹೊರಟವನು ನೇರ ಬಸ್ಸಿಗೆ ಹೋಗಲಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿ ವಿಷಯ ತಿಳಿಸಿ ಹೋದ. ಅಲ್ಲಿ, ಪಾಲಾದ ಆ ಅಣ್ಣತಮ್ಮಂದಿರಲ್ಲಿ ತಮ್ಮನ ಸೊಸೆ ಗಂಗಮ್ಮ ಇದ್ದರು. ಅವರ ಮಗಳು ಹೆತ್ತು ಹನ್ನೆರಡು ದಿನವಾಗಿತ್ತು. ಬಾಣಂತಿಯ ಮಂಚ ಅದೇ ಗೋಡೆಗೆ ತಾಗಿಕೊಂಡಿತ್ತು. ಗಂಗಮ್ಮ ನನ್ನ ಬಳಿ ಬಂದರು.

"ಬಡಗಿ ಹೇಳಿದ್ದು ಖರೇ ಏನ್ರೀ? ಹಸಿ ಬಾಣಂತಿ ಅದಾಳ್ರೀ ಒಳಗೆ."

"ಏನೂ ಆಗಲ್ಲಮ್ಮ. ಎಂಜಿನಿಯರು ಲೆಕ್ಕ ಹಾಕಿ ಮಾಡಿರೋ ಕೆಲಸ" ಎಂದೆ.

ಅವರು ನನ್ನ ಮುಖ ನೋಡಿ ಹಿಂದಿರುಗಿದರು. ಬಾಣಂತಿಯನ್ನು ಕೋಣೆಯಿಂದ ಹೊರಗೆ ತರಬಾರದೆಂಬ ಕಟ್ಟಳೆಯನ್ನು ಬದಿಗಿಟ್ಟು, ಅಂದೇ ಸಂಜೆ ಮಗಳನ್ನೂ ಮಗುವನ್ನೂ ಹಿತ್ತಲ ಕೊಟ್ಟಿಗೆಗೆ ಸಾಗಿಸಿದರಂತೆ. ಊರವರು ಆಡಿಕೊಂಡರು. ಕಚೇರಿಯಲ್ಲಿ ನಾವೂ ನಕ್ಕೆವು.

ಮರುದಿನ ಬೇರೆ ಇಬ್ಬರು ಬಂದು ಕಂಬ ಕತ್ತರಿಸಿದರು. ಏನೂ ಆಗಲಿಲ್ಲ. ಸಾಹೇಬರು ಮೊದಲ ಸಲ ನೆಲಮಾಳಿಗೆಗೆ ಇಳಿದು, ಕಂಬ ಇದ್ದ ಜಾಗದಲ್ಲಿ ನಿಂತು, "ನೋಡಿದ್ರಾ?" ಎಂದರು. ನೆಲಮಾಳಿಗೆಯ ಮಾಡಿನ ಅಡ್ಡತೊಲೆ ಬಗ್ಗುತ್ತಾ ಬಗ್ಗುತ್ತಾ ಭಾರ ಹೊತ್ತಿತ್ತು, ಅಷ್ಟೇ. ಮೂರನೆಯ ದಿನ ಅಟ್ಟಕ್ಕೆ ಚಪ್ಪಡಿ ಏರಿಸಿದೆವು. ಮಧ್ಯಾಹ್ನ ಆಳುಗಳು ಊಟಕ್ಕೆ ಇಳಿದಿದ್ದಾಗ ಗೋಡೆ ಅರ್ಧ ಅಡಿ ಕುಸಿಯಿತು, ಅಟ್ಟದ ತೊಲೆ ಸೀಳಿತು. ನಮ್ಮ ಕಡೆ ಎರಡು ಚಪ್ಪಡಿ ಜಾರಿದವು. ಗಂಗಮ್ಮನ ಕಡೆ ಅಟ್ಟವೇ ಕೆಳಗಿಳಿಯಿತು. ಧೂಳು ಇಳಿದ ಮೇಲೆ ಬೀದಿಯಲ್ಲಿ ನಿಂತು, ಒಡೆದ ಕಿಟಕಿಯಿಂದ ನೋಡಿದೆ. ಬಾಣಂತಿಯ ಮಂಚದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

ಸಾಹೇಬರು ಅಂದೇ ವರದಿ ಹೇಳಿ ಬರೆಸಿದರು: 'ಗೆದ್ದಲು ಹಿಡಿದ ಹಳೆಯ ತೊಲೆ ತಾನಾಗಿ ಕುಸಿದಿದೆ.' ಅಕ್ಷರ ನನ್ನದು, ಕೆಳಗೆ ಸಹಿಯೂ ನನ್ನದು. ಸಾಹೇಬರನ್ನು ಮೂರ್ಖರೆಂದು ಇಷ್ಟು ಹೊತ್ತು ಹಳಿದೆ. ಅವರು ತಿಳಿಯದೆ ತಪ್ಪಿದರು. ತಿಳಿದೂ ಸಹಿ ಹಾಕಿದ ನನಗೆ ಯಾವ ಹೆಸರು ಸರಿಯೋ ಓದುಗರೇ ಇಟ್ಟುಕೊಳ್ಳಲಿ.

ವರದಿಯ ಸುದ್ದಿ ಊರಲ್ಲಿ ಹರಡಿತು; ಎರಡು ದಿನ ಬಿಟ್ಟು ಗಂಗಮ್ಮ ಕಚೇರಿಗೆ ಬಂದರು. ಹಿಂದೆ ಇಬ್ಬರು ಗಂಡಾಳುಗಳು ಸೀಳಿದ ತೊಲೆಯ ತುಂಡೊಂದನ್ನು ಹೊತ್ತು ತಂದು ನನ್ನ ಟೇಬಲ್ ಮೇಲೆ ಇಳಿಸಿದರು. ಇಂಕಿನ ಬಾಟಲಿ ಉರುಳಿತು.

"ಗೆದ್ದಲು ಎಲ್ಲೈತಿ, ತೋರ್ಸ್ರೀ" ಎಂದರು ಗಂಗಮ್ಮ.

ಹೊನ್ನೆ ಮರ. ಸೀಳಿದ ಜಾಗ ನಿನ್ನೆ ಕೊಯ್ದಷ್ಟು ಕೆಂಪಗಿತ್ತು. ಗೆದ್ದಲಿನ ಒಂದು ತೂತೂ ಇರಲಿಲ್ಲ. ಗುಮಾಸ್ತರು, ಜವಾನ, ಎಲ್ಲರೂ ನೋಡುತ್ತಿದ್ದರು. ಆಕೆ ಅವಸರ ಮಾಡಲಿಲ್ಲ, ಕೂರಲೂ ಇಲ್ಲ. ನಾನು ಇನ್ನೊಂದು ಹಾಳೆ ತೆಗೆದು ಬಡಗಿ ಹೇಳಿದ್ದು, ನಾನು ಕಂಡದ್ದು, ಕಂಬ ಕತ್ತರಿಸಿದ್ದು, ಎಲ್ಲವನ್ನೂ ಅವರ ಎದುರಿಗೇ ಬರೆದು ಓದಿ ಹೇಳಿ ಮೇಲಿನ ಕಚೇರಿಗೆ ಕಳಿಸಿದೆ. ಧೈರ್ಯ ಎಂದು ಯಾರೂ ಹೊಗಳಬೇಡಿ. ಆ ಹೆಂಗಸಿನ ಕಣ್ಣಿನಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ.

ತನಿಖೆಯಾಯಿತು. ಗಂಗಮ್ಮನ ಅಟ್ಟವನ್ನು ಇಲಾಖೆಯೇ ಕಟ್ಟಿಕೊಡಬೇಕೆಂದು ಆದೇಶ ಬಂತು. ನನಗೆ ವರ್ಗವಾಯಿತು, ಸಾಹೇಬರಿಗೆ ಬಡ್ತಿಯಾಯಿತು. ಅದರಲ್ಲಿ ಆಶ್ಚರ್ಯವೇನಿಲ್ಲ, ಇನ್ನೂ ದೊಡ್ಡ ಕಟ್ಟಡಗಳನ್ನು ಬೀಳಿಸುವ ಯೋಗ್ಯತೆ ಅವರಿಗಿತ್ತು.

ಹೊರಡುವ ಮುನ್ನ ನಾನೇ ಸೊರಬಕ್ಕೆ ಹೋಗಿ ತಿಮ್ಮಪ್ಪನನ್ನು ಬೇಡಿ ಕರೆತಂದೆ. ಬಸ್ಸಿಳಿದವನು ನಮ್ಮ ಕಟ್ಟಡದತ್ತ ತಿರುಗಿಯೂ ನೋಡಲಿಲ್ಲ.

"ಮೊದ್ಲು ಆಚೆ ಮನೆ ನೋಡಾಣ ಬನ್ನಿ ಸ್ವಾಮಿ. ನೀವು ಅದರೊಳಗೆ ಹೋಗೇ ಇಲ್ಲ ಅಲ್ವಾ?"

ಹೋಗಿರಲಿಲ್ಲ. ಆಮೇಲಿನ ನನ್ನ ನೌಕರಿಯಲ್ಲಿ ಪಕ್ಕದ ಮನೆಯೊಳಗೆ ಹೋಗಿ ನೋಡದೆ ಯಾವ ಗೋಡೆಗೂ ಹಾರೆ ಹಾಕಿಸಲಿಲ್ಲ. ಆ ವೃತ್ತಿ ನನಗೆ ಕಲಿಸಿದ್ದು ಅಷ್ಟೇ, ಅದೂ ತಡವಾಗಿ. ಅಂದು ತಿಮ್ಮಪ್ಪನ ಹಿಂದೆ ನಡೆಯುತ್ತಾ ಎಣಿಸಿದೆ. ನಮ್ಮ ಬಾಗಿಲಿನಿಂದ ಗಂಗಮ್ಮನ ಬಾಗಿಲಿಗೆ ಹನ್ನೊಂದು ಹೆಜ್ಜೆ.