ಶರೀಫಾ ಹತ್ತದ ಹಡಗು

ಮಂಗಳೂರಿನ ಜೆಪ್ಪುವಿನಲ್ಲಿ ಶರೀಫಾಳ ಫ್ಲ್ಯಾಟಿನ ಬಾಗಿಲಿಗೆ ಒಳಗಿನಿಂದಲೇ ಬೀಗ. ಗಂಡ ಇಲ್ಯಾಸರಿಗೆ ಮರೆವಿನ ಕಾಯಿಲೆ ಬಂದ ಮೇಲೆ ಹೀಗೆ. ಒಮ್ಮೆ ತೆರೆದ ಬಾಗಿಲಿನಿಂದ ಹೊರಟವರು ನೇತ್ರಾವತಿ ಸೇತುವೆಯ ಮೇಲೆ ಸಿಕ್ಕಿದ್ದರು. ಶರೀಫಾ ಕಣ್ಣಿಗೆ ಬೀಳದಿದ್ದರೆ ಸಾಕು, ಕೂಗಿ ರಂಪ ಮಾಡುತ್ತಿದ್ದರು.

ಹಾಗೆ ಒಳಗೆ ಕೂತೇ ಅವಳು ಕುಂಞಿಬಿಯನ್ನು ಹುಡುಕಿದಳು. ತಾಯಿಯ ಕಡೆಯ ಹಿರಿಯಜ್ಜಿ. ನೂರೈವತ್ತು ವರ್ಷಗಳ ಹಿಂದೆ ಲಕ್ಷದ್ವೀಪದ ಅಮಿನಿಯಿಂದ ಹಾಯಿದೋಣಿಯಲ್ಲಿ ಮಂಗಳೂರಿಗೆ ಬಂದವಳು. ಮನೆಯಲ್ಲಿ ಉಳಿದದ್ದು ಆ ಮಾತೊಂದೇ. ಅಣ್ಣ ರವೂಫ್ ಬಂದರಿನಿಂದ ದ್ವೀಪಗಳಿಗೆ ಸಾಮಾನು ಕಳಿಸುವವನು. ಅವನ ಪರಿಚಯದವರಿಗೆಲ್ಲ ಫೋನು ಮಾಡಿ, ದೋಣಿಗಳು ನಡುವಿನ ಕಿಲ್ತಾನ್ ದ್ವೀಪದಲ್ಲಿ ತಂಗಿ, ಗಾಳಿ ನೋಡಿ ಇತ್ತ ಬರುತ್ತಿದ್ದವೆಂದು ತಿಳಿದಳು. ಕೊನೆಗೆ ಅಮಿನಿಯಲ್ಲಿ ಕುಂಞಿಬಿಯ ಮನೆಯೂ ಪತ್ತೆಯಾಯಿತು.

ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುವ ಆಸೆ. ರವೂಫ್ ತನಗೂ ಅವಳಿಗೂ ದ್ವೀಪಕ್ಕೆ ಹೋಗುವ ಪರವಾನಿಗೆ ಮಾಡಿಸಿದ. ಅತ್ತಿಗೆ ಸುಹರಾ ಇಲ್ಯಾಸರನ್ನು ನೋಡಿಕೊಳ್ಳಲು ಬಂದಳು. ಶರೀಫಾ ಬಂದರಿನ ಧಕ್ಕೆಯಲ್ಲಿ ಹಡಗಿನ ಏಣಿಯ ಹತ್ತಿರ ನಿಂತಿದ್ದಾಗಲೇ ಸುಹರಾಳ ಫೋನು: "ಕಿಟಕಿ ಗಾಜು ಒಡೆದು ಕೈಯೆಲ್ಲ ರಕ್ತ ಮಾಡಿಕೊಂಡಿದ್ದಾರೆ. ನನ್ನಿಂದ ಆಗುವುದಿಲ್ಲ, ಬಾ ಮಾರಾಯ್ತಿ."

"ನೀವು ಹೋಗಿ," ಎಂದಳು ಅಣ್ಣನಿಗೆ. ರಿಕ್ಷಾ ಹತ್ತಿದವಳು ತಿರುಗಿ ನೋಡಲಿಲ್ಲ.

ಅಮಿನಿ ತಲುಪಿದ ರವೂಫ್ ವಿಡಿಯೊ ಕಾಲ್ ಮಾಡಿದ. ಬಾವಿ, ಹಳೇ ಮನೆ, ಜಗಲಿಯಲ್ಲಿ ಆ ಮನೆಯ ಹಿರಿಯಳಾದ ರುಖಿಯಾ.

"ಇಲ್ಲಿ ಹೆಂಗಸರು ಮದುವೆಯಾದ್ರೂ ತಾಯಿಮನೆ ಬಿಡುವುದಿಲ್ಲಂತೆ, ಶರೀಫಾ. ಗಂಡನೇ ಬಂದು ಹೋಗುವುದು. ಈ ಮನೆಯಲ್ಲಿ ಗಂಡನ ಹಿಂದೆ ಹೋದದ್ದು ಕುಂಞಿಬಿ ಒಬ್ಬಳೇ. ಮತ್ತೆ ಅವ ಅವಳನ್ನು ಇಲ್ಲಿಗೆ ಬರ್ಲಿಕ್ಕೆ ಬಿಡಲೇ ಇಲ್ಲಂತೆ. ನನ್ನ ಕೋಣೆ ಯಾರಿಗೂ ಕೊಡ್ಬೇಡಿ ಅಂತ ದೋಣಿಯವರ ಹತ್ರ ಹೇಳಿ ಕಳಿಸ್ತಿದ್ದಳಂತೆ," ಎಂದ ರವೂಫ್.

ತನ್ನಿಷ್ಟದಂತೆ ಕಡಲು ದಾಟಿ ಹೊರಟವಳೆಂದು ಶರೀಫಾ ಇಷ್ಟು ದಿನ ಕುಂಞಿಬಿಯನ್ನು ನೆನೆದು ಹೊಟ್ಟೆಕಿಚ್ಚುಪಟ್ಟಿದ್ದಳು.

ರುಖಿಯಾಳ ಮಾತು ಶರೀಫಾಳ ಮನೆಮಾತಾದ ಬ್ಯಾರಿಗೆ ಹತ್ತಿರವೇ ಇತ್ತು, ಮಗಳೇ ಎಂದು ಕರೆದದ್ದೂ ಅರ್ಥವಾಯಿತು. "ಕೋಣೆ ಉಂಟು, ಮೋಳೇ. ನೀನು ಯಾವಾಗ ಬರ್ತೀ?"

ಇವರು ತೀರಿಹೋದ ಮೇಲೆ. ಉತ್ತರ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಶರೀಫಾ ಬೆಚ್ಚಿದಳು. ಪಕ್ಕದಲ್ಲಿ ಇಲ್ಯಾಸ್, ಬ್ಯಾಂಡೇಜಿನ ಕೈಯನ್ನು ಅವಳ ಮಡಿಲಲ್ಲಿಟ್ಟು ಫೋನನ್ನೇ ನೋಡುತ್ತಿದ್ದರು.

"ಯಾರ ಮನೆ ಅದು?"

"ನಮ್ಮದೇ."

"ಹಾಗಾದ್ರೆ ಹೋಗುವ," ಎಂದು ಅವರು ಚಪ್ಪಲಿ ಹುಡುಕತೊಡಗಿದರು.

ಈಗ ರುಖಿಯಾ ಆಗಾಗ ಫೋನು ಮಾಡುತ್ತಾಳೆ. ಶರೀಫಾ ಅಲ್ಲಿನ ಮೀನು, ಮಳೆ, ಗಾಳಿ ಎಲ್ಲ ವಿಚಾರಿಸುತ್ತಾಳೆ. ಯಾವಾಗ ಬರ್ತೀ ಎಂದು ಮಾತ್ರ ಕೇಳಬೇಡಿ ಎಂದು ಹೇಳಿದ್ದಾಳೆ.