ಪೋರ್ಚುಗಲ್ಲೋ ಸ್ಪೇನೋ

ಓದಲು ಬಾರದವರಿಗಾಗಿ ಬರೆಯುವುದರಲ್ಲಿ ಒಂದು ಅನುಕೂಲವಿದೆ, ನಿಜ ಹೇಳಿಬಿಡಬಹುದು. ನನ್ನ ಮೂವರು ಮೊಮ್ಮಕ್ಕಳಿಗೂ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಕಂಡರೆ ಆಗುವುದಿಲ್ಲ. ಹಾಗಾಗಿ ನಾಲ್ಕು ಜನರೆದುರು ಬಾಯಿ ಬಿಡದ ನಾನು ಈ ನೋಟ್‌ಬುಕ್ಕಿನೊಳಗೆ ಮಾತ್ರ ಮಹಾ ಧೈರ್ಯವಂತೆ. ಮಕ್ಕಳೇ, ನೀವು ಎಂದಾದರೂ ಅಕ್ಷರ ಕಲಿತು ಇದನ್ನು ಓದುವ ಹೊತ್ತಿಗೆ ನಾನು ಬೈಗುಳ ತಲುಪುವಷ್ಟು ಹತ್ತಿರದಲ್ಲಿ ಇರುವುದಿಲ್ಲ ಎಂಬ ನಂಬಿಕೆಯಿಂದ ಒಪ್ಪಿಕೊಳ್ಳುತ್ತೇನೆ: ಈ ವರ್ಷ ಎರಡು ತಿಂಗಳು ನಿಮ್ಮಲ್ಲಿ ದೊಡ್ಡವಳಾದ ಮಾನಸಾಳಿಗೆ ನಾನು ಮೋಸ ಮಾಡಿದೆ.

ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂದು ಅವಳ ಆಫೀಸಿನವರು ಹೇಳಿದ್ದರು. ‘ಎಲ್ಲಿಂದ ಬೇಕಾದರೂ’ ಎಂದರೆ ಇದ್ದಲ್ಲಿಂದಲೂ ಆಗುತ್ತದೆ ಎಂದು ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಹೊಳೆಯಿತು. ಕಾಲೇಜು ಓದಿದವಳಿಗೆ ಹೊಳೆದದ್ದು ಯೂರೋಪು. ಇಲ್ಲೇ ಅಮೆರಿಕದಲ್ಲಿ ತಾನಿದ್ದ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟ್ ಖಾಲಿ ಮಾಡಿ, ಪೋರ್ಚುಗಲ್ಲೋ ಸ್ಪೇನೋ ತೀರ್ಮಾನವಾಗುವವರೆಗೆ ಎಂದು ಯೂನಿಯನ್ ಸಿಟಿಯ ನಮ್ಮ ಮನೆಗೆ ಬಂದಿಳಿದಳು. ನಮ್ಮ ಮನೆ ಎಂದರೆ ಅವಳ ಅಪ್ಪ ಅಮ್ಮನ ಮನೆ. ಮಗಳ ಮನೆಯಲ್ಲಿ ನಾನು. ಮಗಳು ಅಳಿಯ ಬೆಳಿಗ್ಗೆ ಎಂಟಕ್ಕೆ ಫ್ರೀವೇ ಹಿಡಿದರೆ ಮರಳುವುದು ಏಳಕ್ಕೆ. ಅಲ್ಲಿಯವರೆಗೆ ಈ ಮನೆಯಲ್ಲಿ ಸದ್ದು ಮಾಡುವವರು ಇಬ್ಬರೇ, ನಾನು ಮತ್ತು ಫ್ರಿಜ್ಜು. ಫ್ರಿಜ್ಜೇ ಸ್ವಲ್ಪ ಜಾಸ್ತಿ. ಅವಳು ಬಂದ ಮೇಲೆ ಊಟದ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಅದರ ಹಿಂದೆ ಒಂದು ಮುಖ, ಆ ಮುಖದಿಂದ ಮೀಟಿಂಗಿನ ನಡುನಡುವೆ “ಅಜ್ಜೀ, ಈ ಪಲ್ಯಕ್ಕೆ ಏನ್ ಹಾಕ್ದೆ?” ಎಂಬ ಪ್ರಶ್ನೆ. ಅವಳು ತೀರ್ಮಾನಿಸದೆ ಇರುವಷ್ಟು ದಿನ ಇಲ್ಲೇ ಇರುತ್ತಾಳೆ. ಈ ಲೆಕ್ಕ ಮೊದಲ ದಿನವೇ ನನಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ.

ಹೀಗೆ ಕಂಪ್ಯೂಟರು ಹೊತ್ತು ತಿರುಗುವವರಿಗೆ ಡಿಜಿಟಲ್ ನೋಮ್ಯಾಡ್ ಎನ್ನುತ್ತಾರಂತೆ. ಕನ್ನಡದಲ್ಲಿ ಏನು ಎಂದು ಅವಳು ಕೇಳಿದಳು. ಅಲೆಮಾರಿ ಎಂದೆ. ಅಳಿಯಂದಿರ ಮುಖ ಹುಳ್ಳಗಾಯಿತು. ನಮ್ಮೂರಿನ ಹೊರಗೆ ಅಲೆಮಾರಿಗಳು ಗುಡಾರ ಹಾಕಿದರೆ ಪಟೇಲರು ಆಳು ಕಳಿಸಿ ಎರಡು ದಿನದಲ್ಲಿ ಎಬ್ಬಿಸುತ್ತಿದ್ದರು. ಈಗ ದೇಶ ದೇಶಗಳೇ ಬನ್ನಿ ಬನ್ನಿ ಎಂದು ವೀಸಾ ಕೊಡುತ್ತವೆ. ಸಂಬಳದ ಚೀಟಿ ತೋರಿಸಿದರೆ ಸಾಕು. ಅಲೆಯುವುದು ಎಂದೂ ತಪ್ಪಾಗಿರಲಿಲ್ಲ, ಬರಿಗೈಯಲ್ಲಿ ಅಲೆಯುವುದಷ್ಟೇ ತಪ್ಪು ಎಂದು ಈ ವಯಸ್ಸಿನಲ್ಲಿ ತಿಳಿದುಕೊಂಡೆ.

ಮಾನಸಾ ಒಂದು ಪಟ್ಟಿ ಮಾಡಿದ್ದಳು. ಬಿಸಿಲು, ಬಾಡಿಗೆ, ಇಂಟರ್ನೆಟ್ಟು, ಸಸ್ಯಾಹಾರ, ಜನರ ಸ್ವಭಾವ, ಸಮುದ್ರ ಎಷ್ಟು ದೂರ, ಎಲ್ಲಕ್ಕೂ ಅಂಕ. ಹುಡುಗಿಗೆ ಗಂಡು ಗೊತ್ತುಮಾಡುವಾಗ ನಾವು ಜಾತಕ ಕೂಡಿಸಿದರೆ ನಗುವ ಮಕ್ಕಳು, ದೇಶ ಗೊತ್ತುಮಾಡಲು ಕೂಡಿಸುವ ಜಾತಕದಲ್ಲಿ ಗುಣಗಳು ಮೂವತ್ತಾರಕ್ಕೂ ಹೆಚ್ಚು! ಜೊತೆಗೆ ದಿನಕ್ಕೊಬ್ಬರು ಸ್ನೇಹಿತರು ವಿಡಿಯೋದಲ್ಲಿ ಬಂದು ಸಲಹೆ ಕೊಡುತ್ತಿದ್ದರು. ಲಿಸ್ಬನ್ನಿನಲ್ಲಿ ಮೂರು ವಾರ ಕಾಫಿ ಕುಡಿದು ಬಂದ ಹುಡುಗ, ಐನೂರು ವರ್ಷದಿಂದ ಅಲ್ಲೇ ಬೇರು ಬಿಟ್ಟವನ ಹಾಗೆ ಮಾತಾಡುತ್ತಿದ್ದ.

ನನ್ನ ಮೋಸ ಬಹಳ ಸರಳ. ತಕ್ಕಡಿ ಯಾವ ಕಡೆ ವಾಲಿದರೂ ಇನ್ನೊಂದು ತಟ್ಟೆಗೆ ನಾನು ಒಂದು ಕಾಳು ಹಾಕುತ್ತಿದ್ದೆ. ಸ್ಪೇನ್ ಗೆಲ್ಲುವಂತೆ ಕಂಡ ದಿನ, ಅಲ್ಲಿ ರಾತ್ರಿ ಹತ್ತಕ್ಕೆ ಊಟವಂತಲ್ಲ, ನಿನಗೆ ಅಸಿಡಿಟಿ ಬೇರೆ ಎಂದೆ. ಪೋರ್ಚುಗಲ್ ಮೇಲೆದ್ದಾಗ, ಊರೆಲ್ಲ ಏರು ಇಳಿಜಾರಂತೆ, ನಿನ್ನ ಮಂಡಿ ಎಂದೆ. ಒಮ್ಮೆ ಅವಳು ಪೋರ್ಚುಗಲ್ ಎಂದು ಬಹುತೇಕ ಬರೆದೇಬಿಟ್ಟಿದ್ದಳು, ಕಾರಣ ನಾನೇ. ಮೆಣಸಿನಕಾಯಿಯನ್ನು ನಮಗೆ ತಂದುಕೊಟ್ಟವರು ಪೋರ್ಚುಗೀಸರು ಎಂದು ಏಳನೆಯ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದನ್ನು ಜಂಬದಿಂದ ಹೇಳಿದ್ದೆ. ಮರುಗಳಿಗೆಯೇ, ಆದರೆ ಟೊಮೆಟೊವನ್ನು ಅಮೆರಿಕದಿಂದ ಕಡಲಾಚೆಗೆ ಕೊಂಡೊಯ್ದವರು ಸ್ಪೇನಿನವರಂತೆ ಎಂದು ಸೇರಿಸಿದೆ. ಸಾರಿಗೆ ಎರಡೂ ಬೇಕಲ್ಲ! ಅವಳು ತಲೆ ಹಿಡಿದುಕೊಂಡಳು. ನನಗೆ ಇನ್ನೊಂದು ವಾರ ಸಿಕ್ಕಿತು.

ನಾನೂ ಊರೂರು ತಿರುಗಿದವಳೇ. ನಿಮ್ಮ ತಾತ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು. ಮೂರು ವರ್ಷಕ್ಕೊಮ್ಮೆ ವರ್ಗಾವಣೆಯ ಕಾಗದ ಬರುತ್ತಿತ್ತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒರಳುಕಲ್ಲು. ಯಾವ ಊರು ಎಂದು ಅವರನ್ನು ಸರ್ಕಾರ ಕೇಳಲಿಲ್ಲ, ನನ್ನನ್ನು ಅವರು ಕೇಳಲಿಲ್ಲ. ಅಮೆರಿಕಕ್ಕೆ ಬಂದದ್ದೂ ಹಾಗೆಯೇ. ಅವರು ಹೋದ ಮೇಲೆ ಮಗಳು ಟಿಕೆಟ್ಟಿನೊಂದಿಗೆ ಬಂದಳು. ಇದು ದೂರಲ್ಲ. ಕೇಳಿದ್ದರೂ ಆಗ ನಾನು “ನಿಮ್ಮಿಷ್ಟ” ಎನ್ನುತ್ತಿದ್ದೆ.

ಕೊನೆಗೆ ಆಫೀಸಿನವರು ಸೋಮವಾರದೊಳಗೆ ದೇಶದ ಹೆಸರು ಹೇಳು ಎಂದರು. ಶನಿವಾರ ಮಾನಸಾ ಪಟ್ಟಿ ಮುಚ್ಚಿ, “ಅಜ್ಜೀ, ನಿಮ್ಮೂರಲ್ಲಿ ದೇವರಿಗೆ ಹೂ ಅಂಟಿಸಿ ಕೇಳ್ತಿದ್ರು ಅಂದಿದ್ದೆಯಲ್ಲ, ಅದನ್ನೇ ಮಾಡೋಣ. ಡೇಟಾ ಎಲ್ಲಾ ಸಾಕು,” ಎಂದಳು.

ಪದ್ಧತಿ ಹೀಗೆ: ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ವಿಗ್ರಹದ ಎಡಕ್ಕೊಂದು ಬಲಕ್ಕೊಂದು ಅಂಟಿಸುವುದು. ಮೊದಲು ಬಿದ್ದದ್ದು ದೇವರ ಉತ್ತರ. ನೀರು ಒಣಗಿದರೆ ಎಸಳು ಬೀಳಲೇಬೇಕು, ಅದೇ ನನಗಿದ್ದ ಭಯ. ನೀರಿನ ಬದಲು ಗಂಧ ತೇಯ್ದೆ, ಗಟ್ಟಿಯಾಗಿ. ಬಲಕ್ಕೆ ಪೋರ್ಚುಗಲ್, ಎಡಕ್ಕೆ ಸ್ಪೇನ್. ಕೈಮುಗಿದು ಕೂತೆವು. ಒಂದು ಗಂಟೆಯಾಯಿತು, ಎರಡಾಯಿತು. ಎರಡು ದೇಶಗಳೂ ಅಲುಗಲಿಲ್ಲ. ನಮ್ಮ ಎಂಜಿನಿಯರು ಮಾನಸಾ ಎದ್ದು ಹೋಗಿ ಬೆರಳಿನಿಂದ ತಟ್ಟಿ ನೋಡಿದಳು.

“ಅಜ್ಜೀ! ಇದು ಗಂಧ ಅಲ್ಲ, ಸಿಮೆಂಟು!”

“ಕೈತಪ್ಪಿ ಒಂಚೂರು ಜಾಸ್ತಿ ಆಯ್ತೇನೋ ಪುಟ್ಟಿ.”

“ದೇವ್ರಿಗೇ ಚೀಟಿಂಗಾ? ವೈ?”

ಸುಳ್ಳು ಸಿದ್ಧವಾಗಿತ್ತು, ಹೇಳಿದ್ದು ನಿಜ. “ನೀನು ಹೋದ್ರೆ ಹಗಲೊತ್ತು ಮನೇಲಿ ಯಾರೂ ಇರಲ್ವಲ್ಲ,” ಎಂದೆ.

ಅವಳು ಮರಳಿ ಬಂದು ನನ್ನ ಪಕ್ಕದಲ್ಲಿ ಕೂತಳು. ಆಮೇಲೆ, “ಹೇಳ್ಬಾರ್ದಿತ್ತಾ?” ಎಂದಳು.

“ಯಾರ್ ಕೇಳಿದ್ರು?”

“ಈಗ ಕೇಳ್ತಿದೀನಿ. ಬೇಡ ಅಂದ್ರೆ ಹೋಗಲ್ಲ ಅಜ್ಜಿ. ಪ್ರಾಮಿಸ್.”

ಎರಡು ತಿಂಗಳಿಂದ ನಾನು ಕಾದಿದ್ದ ಮಾತು ಅದು. ಒಂದೇ ಒಂದು ‘ಬೇಡ’ ಸಾಕಿತ್ತು. ಅವಳ ಮುಖ ನೋಡಿದೆ. ಆ ಮುಖದಲ್ಲಿ “ನಿಮ್ಮಿಷ್ಟ” ಎನ್ನುವ ಹುಡುಗಿಯೊಬ್ಬಳು ಬಂದು ಕೂರಲು ಹವಣಿಸುತ್ತಿದ್ದಳು. ಅವಳನ್ನು ನಾನು ಚೆನ್ನಾಗಿ ಬಲ್ಲೆ, ಅವಳೊಡನೆ ಒಂದು ಆಯುಷ್ಯ ಕಳೆದಿದ್ದೇನೆ. ಬಾಯಿಂದ ಬಂದದ್ದು, “ಪೋರ್ಚುಗಲ್‌ಗೆ ಹೋಗು.”

“ಪೋರ್ಚುಗಲ್ಲಾ? ಬಟ್ ಅಜ್ಜೀ, ಸ್ಪೇನಲ್ಲಿ...” ಎಂದು ಶುರು ಮಾಡಿದವಳು ಕಾಲು ಗಂಟೆ ನಿಲ್ಲಿಸಲಿಲ್ಲ. ಪಟ್ಟಿ ತೆರೆಯಲಿಲ್ಲ, ಅಂಕ ಹೇಳಲಿಲ್ಲ, ಅಸಿಡಿಟಿಯ ನೆನಪಾಗಲಿಲ್ಲ. ಕೈ ಬೀಸಿ ಬೀಸಿ ಸ್ಪೇನಿನ ಪರವಾಗಿ ವಾದಿಸಿ, ಕೊನೆಗೆ ತನ್ನ ಮಾತು ತನಗೇ ಕೇಳಿಸಿ ನಕ್ಕುಬಿಟ್ಟಳು. ಸೋಮವಾರ ಆಫೀಸಿಗೆ ಸ್ಪೇನ್ ಎಂದು ಬರೆದಳು. ಮರುತಿಂಗಳು ಹೊರಟಳು. ಈಗ ಹಗಲೆಲ್ಲ ನಾನು ಮತ್ತು ಫ್ರಿಜ್ಜು, ಸುಳ್ಳೇಕೆ, ಕಷ್ಟವಾಗುತ್ತದೆ.

ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನ ಅಭಿಪ್ರಾಯ ಕೇಳಿದರು, ಕೇಳಿ ನೇರ ಅದಕ್ಕೆ ವಿರುದ್ಧವಾಗಿ ನಡೆದರು. ನನಗೆ ಒಳಗೊಳಗೇ ಹೆಮ್ಮೆ. ಇಷ್ಟು ವರ್ಷ ನನ್ನ ಮಾತನ್ನು ಮೀರಿದವರೇ ಇರಲಿಲ್ಲ. ಮೀರುವುದಕ್ಕೆ ಮಾತೆಂಬುದೊಂದು ಇರಬೇಕಲ್ಲ. ಮೊನ್ನೆ ಮಗಳು ಅಂಗಡಿಗೆ ಹೊರಟು, ಕಿಟಕಿಯ ಪರದೆ ಹಸಿರು ತರಲೋ ನೀಲಿಯೋ ಎಂದು ಗಂಡನನ್ನು ಕೇಳುತ್ತಿದ್ದಳು. ಯಾರೂ ಕೇಳದೆಯೇ ನಾನು ಒಳಗಿನಿಂದ “ಹಸಿರು” ಎಂದು ಕೂಗಿದೆ.

ನೀಲಿ ತಂದಿದ್ದಾಳೆ.